ಗಿರಿಜಕ್ಕ ಹಂಚಿದ ಪಾತ್ರಗಳು

ಮೊನ್ನೆ ಭಾನುವಾರ ಬೆಳಿಗ್ಗೆ ಹೆಂಡತಿ ತಲೆಗೆ ಹಚ್ಚಿಕೊಳ್ಳಲೆಂದು ಕೊಬ್ಬರಿ ಎಣ್ಣೆ ಬಿಸಿ ಮಾಡುತ್ತಿದ್ದಳು. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಕೊಬ್ಬರಿ ಎಣ್ಣೆಯೆಂದರೆ ಎಲ್ಲರಿಗೂ ಅಮ್ಮನ ನೆನಪಾಗುತ್ತದಂತೆ. ನಮ್ಮಮ್ಮನೂ ಸಾಕಷ್ಟು ಎಣ್ಣೆ ಹಚ್ಚಿದವಳೇ. ಆ ವಿಷಯದಲ್ಲಿ ನನಗೇನೂ ಅನ್ಯಾಯವಾಗಿಲ್ಲ. ಆದರೆ ನನಗೆ ನೆನಪಾಗುವುದು ಮುಂಬಯಿಯ ಭಾಂಡುಪಿನ ಒಂದು ಸಭಾಗೃಹದ ಹಿಂದಿನ ಇಕ್ಕಟ್ಟು ಕೋಣೆ. ನಾಟಕ ಮುಗಿದ ಮೇಲೆ ಮುಖದ ಬಣ್ಣ ತೆಗೆಯಲು ಎಲ್ಲರೂ ಒಂದೇ ಎಣ್ಣೆ ಬಾಟಲಿಗೆ ಕೈಚಾಚುತ್ತಿದ್ದ ಗದ್ದಲ. ಆ ನಾಟಕದಲ್ಲಿ ನಾನೂ ಇದ್ದೆ. ಹೀಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಎಷ್ಟು ಹೊತ್ತು ಇದ್ದಿರಿ ಎಂದು ನೀವು ಕೇಳಿದರೆ ಮಾತ್ರ ಸ್ವಲ್ಪ ಕಷ್ಟ.

ನಮ್ಮ ಕನ್ನಡ ಸಂಘವನ್ನು ಕಟ್ಟಿದವರು ಉಡುಪಿ, ಮಂಗಳೂರು ಕಡೆಯ ಹೋಟೆಲಿನವರು. ಬಾಗಲಕೋಟೆ, ವಿಜಯಪುರ, ಕಲಬುರಗಿಗಳಿಂದ ಕಟ್ಟಡದ ಕೆಲಸಕ್ಕೆ ಬಂದವರು ಆಮೇಲೆ ಸೇರಿಕೊಂಡರು. ಇಬ್ಬರ ನಡುವೆ ಜಗಳವೇನೂ ಇರಲಿಲ್ಲ. ಜಗಳವಾಡುವಷ್ಟು ಪರಿಚಯವೇ ಇರಲಿಲ್ಲ ಅನ್ನಿ. ಕಾರ್ಯಕ್ರಮದ ದಿನ ಮುಂದಿನ ಸಾಲುಗಳಲ್ಲಿ ಅವರು, ಬಾಗಿಲ ಹತ್ತಿರದ ಸಾಲುಗಳಲ್ಲಿ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಇವರು. ಶಿವಮೊಗ್ಗ ಕಡೆಯ ಬ್ಯಾಂಕ್ ನೌಕರನಾದ ನಾನು ನಡುವೆಲ್ಲೋ ಕೂತು, ಎರಡೂ ಕಡೆಯವರ ಕನ್ನಡವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಮುಂಬಯಿಯಲ್ಲಿ ಶುದ್ಧ ಕನ್ನಡ ಉಳಿದಿರುವುದು ನನ್ನೊಬ್ಬನ ಬಾಯಲ್ಲಿ ಎಂದು ಬಲವಾಗಿ ನಂಬಿದ್ದ ಕಾಲ ಅದು. ಆ ಶುದ್ಧ ಕನ್ನಡದಲ್ಲೇ ನಾನು ಮನೆಯಲ್ಲಿ "ಪಂಖಾ ಬಂದ್ ಮಾಡು" ಅನ್ನುತ್ತಿದ್ದೆನೆಂದು ಹೆಂಡತಿ ಈಗಲೂ ನೆನಪಿಸುತ್ತಾಳೆ.

ಸಂಘದ ನಾಟಕಗಳನ್ನು ಆಡಿಸುತ್ತಿದ್ದವರು ಗಿರಿಜಕ್ಕ. ಮನೆ ಸಯನ್‌ನಲ್ಲಿ, ತಾಲೀಮಿಗೆ ಲೋಕಲ್ ರೈಲು ಹಿಡಿದು ಭಾಂಡುಪಿಗೆ ಬರುತ್ತಿದ್ದರು. ಒಂದು ದೊಡ್ಡ ಕಚೇರಿಯಲ್ಲಿ ಬಹಳ ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಮುಖ ಕಾಣದ ಜನರ ಜತೆ ಅಷ್ಟು ಕಾಲ ಮಾತಾಡಿದ್ದರಿಂದಲೋ ಏನೋ, ತಾಲೀಮಿನಲ್ಲಿ ನಟರನ್ನು ಅವರು ನೋಡುತ್ತಲೇ ಇರಲಿಲ್ಲ. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತು ಬರೇ ಕೇಳುತ್ತಿದ್ದರು. "ಕೈ ಎಲ್ಲಿ ಹೋಯ್ತು ಅಂತ ನನಗೆ ಬೇಡ. ಸ್ವರ ಎಲ್ಲಿ ಹೋಯ್ತು, ಅದನ್ನು ಹೇಳಿ," ಅನ್ನುವರು. ನನ್ನಂಥವನಿಗೆ ಇದರಿಂದ ಅನುಕೂಲವೇ ಆಗಿತ್ತು. ರಂಗದ ಮೇಲೆ ನನ್ನ ಕೈಗಳು ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ ತೂಗಾಡುತ್ತಿದ್ದವು.

ಆ ವರ್ಷದ ನಾಟಕವನ್ನು ಗಿರಿಜಕ್ಕನೇ ಬರೆದಿದ್ದರು. ಕರಾವಳಿಯಿಂದ ಬಂದ ಒಬ್ಬ ಹೋಟೆಲ್ ಮಾಲೀಕ, ಅವನಲ್ಲಿ ಬಹುಕಾಲ ದುಡಿದ ಉತ್ತರ ಕರ್ನಾಟಕದ ಒಬ್ಬ ಕೆಲಸಗಾರ. ಹೋಟೆಲ್ ಮುಚ್ಚುವ ದಿನ ಬರುತ್ತದೆ; ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಉಳಿಸಿಕೊಂಡ ಮಾತುಗಳೆಲ್ಲ ಆಗ ಹೊರಬೀಳುತ್ತವೆ. ಯಾವ ಪಾತ್ರ ಯಾರಿಗೆ ಎಂಬ ಬಗ್ಗೆ ನಮಗ್ಯಾರಿಗೂ ಅನುಮಾನವಿರಲಿಲ್ಲ. ಸದಾನಂದಣ್ಣ ಉಡುಪಿ ಕಡೆಯವರು, ಸ್ಟೇಷನ್ನಿನ ಹತ್ತಿರ ಅವರದೇ ಹೋಟೆಲು. ಸಂಘದ ನಾಟಕಗಳಲ್ಲಿ ರಾಜ, ಜಮೀನುದಾರ, ನ್ಯಾಯಾಧೀಶ ಹೀಗೆ ದೊಡ್ಡ ಕುರ್ಚಿ ಇರುವ ಪಾತ್ರಗಳೆಲ್ಲ ಅವರಿಗೇ ಮೀಸಲು. ಬಸವರಾಜ ಬಾಗಲಕೋಟೆ ಕಡೆಯವನು, ಪವಾಯಿಯ ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವವರನ್ನು ನಡೆಸುವ ಮುಕಾದಮ, ನಾಟಕಕ್ಕೆ ಹೊಸಬ.

ಗಿರಿಜಕ್ಕ ಗೋಡೆ ನೋಡುತ್ತಲೇ, "ಮಾಲೀಕ ಬಸವರಾಜ, ಕೆಲಸದವ ಸದಾನಂದ," ಅಂದರು.

"ಗಿರಿಜಕ್ಕಾ, ನಿಮಗೆ ಹೆಸರು ಆಚೀಚೆ ಆಯ್ತು," ಎಂದು ಸದಾನಂದಣ್ಣ ನಕ್ಕರು.

"ಇಲ್ಲ, ಸರಿಯೇ ಉಂಟು."

ಸದಾನಂದಣ್ಣನ ನಗು ನಿಂತಿತು. "ಎಂತ ಹೇಳ್ತೀರಿ ಮಾರಾಯ್ರೆ? ನನ್ನ ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು ಮಾತಾಡುವ ಹಾಗೆ ನಾನು ಸ್ಟೇಜಿನಲ್ಲಿ ಮಾತಾಡ್ಬೇಕಾ?"

ಬಸವರಾಜ ಎದುರಿಗೇ ನಿಂತಿದ್ದ. ಕೆಲಸದಿಂದ ನೇರ ಬಂದಿದ್ದ ಅವನ ಕಿವಿಯ ಅಂಚಿನಲ್ಲಿ ಬಿಳಿ ಬಣ್ಣ ಒಣಗಿತ್ತು. ಆಡಿದ ಮಾತು ಸದಾನಂದಣ್ಣನಿಗೂ ಕೇಳಿಸಿರಬೇಕು. ತಡವರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಪಾತ್ರಗಳನ್ನು ಹಾಗೇಕೆ ಹಂಚಿದಿರಿ ಎಂದು ನಾನು ಗಿರಿಜಕ್ಕನನ್ನು ಕೇಳಿದೆ. "ಇವರು ಅವರ ಮಾತು ಆಡ್ಬೇಕಾದ್ರೆ ಮೊದಲು ಕೂತು ಕೇಳ್ಬೇಕಲ್ಲ? ಇಷ್ಟು ವರ್ಷ ಒಂದೇ ಸಭಾಗೃಹದಲ್ಲಿ ಕೂತಿದ್ದೇವೆ, ಯಾರು ಯಾರನ್ನು ಕೇಳಿದ್ದಾರೆ?" ಅಂದರು. ನನ್ನ ಪಾತ್ರ ಯಾವುದೆಂದು ಕೇಳಲು ಅದು ಸರಿಯಾದ ಸಮಯವಾಗಿರಲಿಲ್ಲ. ಆದರೂ ಕೇಳಿದೆ. ಒಂದು ಕಟಿಂಗ್, ಅಂದರೆ ಅರ್ಧ ಲೋಟ, ಚಹಾ ಕುಡಿದು ಹೋಗುವ ಹಿಂದಿ ಗಿರಾಕಿ! ನನ್ನ ಶುದ್ಧ ಕನ್ನಡಕ್ಕೆ ಗಿರಿಜಕ್ಕ ಕೊಟ್ಟ ಬೆಲೆ ಅಷ್ಟು.

ಮರುದಿನ ಮಧ್ಯಾಹ್ನ ಬಸವರಾಜ ನನಗೆ ಫೋನ್ ಮಾಡಿ, "ಸರ, ಅಣ್ಣಾರ ಹೋಟೆಲಿಗೆ ಹೋಗೂನು ಬರ್ರಿ," ಅಂದ. ಜಗಳವಾದರೆ ಬಿಡಿಸುವುದು ಹೇಗೆಂದು ಯೋಚಿಸುತ್ತ ಹೋದೆ. ಊಟದ ಗಿರಾಕಿಗಳು ಮುಗಿದು ಹೋಟೆಲ್ ಖಾಲಿಯಾಗಿತ್ತು. ಹಣ ಎಣಿಸುವ ಗಲ್ಲೆಯಲ್ಲಿ ಕೂತಿದ್ದ ಸದಾನಂದಣ್ಣ ನಮ್ಮನ್ನು ಕಂಡು ಪೇಪರ್ ಮುಖಕ್ಕೆ ಅಡ್ಡ ಹಿಡಿದರು. ಬಸವರಾಜ ಚಹಾಕ್ಕೆ ಹೇಳಿದ. ಆಮೇಲೆ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಖಾಲಿ ಮೇಜಿಗೆ ಗದರಿದ: "ಎಂಥಾ ಮಾರಾಯಾ! ಟೇಬಲ್ ಒರಸಲಿಕ್ಕ ಆಗೂದಿಲ್ಲೇನ ನಿನಗ?"

ಪೇಪರಿನ ಹಿಂದೆ ಸಂಕಟದ ಒಂದು ಸದ್ದಾಯಿತು.

ಬಸವರಾಜ ಮತ್ತೆ ಗದರಿದ, ಇನ್ನೂ ಕೆಟ್ಟದಾಗಿ. ಸದಾನಂದಣ್ಣನಿಗೆ ತಡೆಯಲಾಗಲಿಲ್ಲ. ಪೇಪರ್ ಎಸೆದು, "ಹಾಗಲ್ಲ ಮಾರಾಯ! 'ಮಾರಾಯ' ಅಂತ ಹೇಳುವಾಗ ಹೊಡೀಲಿಕ್ಕೆ ಹೋಗುವುದಾ? ಅದು ಪ್ರೀತಿಯಲ್ಲಿ ಬೈಯುವುದು. ಸ್ವಲ್ಪ ಎಳೀಬೇಕು. 'ಟೇಬಲ್ ಒರೆಸ್ಲಿಕ್ಕೆ ಆಗುದಿಲ್ವಾ ನಿಂಗೆ?' ಹೀಗೆ," ಅಂದರು. ಬಸವರಾಜ ಎಳೆದ. ಅವರು ತಿದ್ದಿದರು. ಇನ್ನೊಮ್ಮೆ ಎಳೆದ. ಅಷ್ಟರಲ್ಲಿ ಅವರು ಗಲ್ಲೆ ಬಿಟ್ಟು ಇಳಿದು ನಮ್ಮ ಮೇಜಿಗೇ ಬಂದು ಕೂತಿದ್ದರು.

"ಈಗ ನಂದು ನೀವು ಆಡ್ರಿ," ಅಂದ ಬಸವರಾಜ.

ಸದಾನಂದಣ್ಣ ತಲೆ ತಗ್ಗಿಸಿದರು. "ನಿನ್ನೆ ನಾನು ಹೇಳಿದ್ದು..."

"ಕೇಳಿಸೇತ್ರಿ. ಅದಕ್ಕಽ ಬಂದೀನಿ. ಆಡ್ರಿ ಈಗ."

ಅಲ್ಲಿಂದ ಶುರುವಾಯಿತು ನೋಡಿ. ದಿನವೂ ಮಧ್ಯಾಹ್ನ ಹೋಟೆಲ್ ಖಾಲಿಯಾದಾಗ ಸದಾನಂದಣ್ಣ ಅಡುಗೆಮನೆಗೆ ಹೋಗಿ ತಮ್ಮದೇ ಕೆಲಸದವರ ನಡುವೆ ಮಣೆ ಹಾಕಿಕೊಂಡು ಕೂರತೊಡಗಿದರು. ಮೊದಲ ದಿನ ಅವರೆಲ್ಲ ಗಾಬರಿಯಿಂದ ಎದ್ದು ನಿಂತರಂತೆ. ವಾರ ಕಳೆಯುವಷ್ಟರಲ್ಲಿ, "ಯಜಮಾನ್ರ, 'ಐತಿ' ಅನ್ನೂದು ಹಂಗಲ್ರಿ," ಎಂದು ತಿದ್ದುವ ಸಲಿಗೆ ಬೆಳೆದಿತ್ತು. ಕೆಲಸಗಾರನ ಮಗಳ ಪಾತ್ರಕ್ಕೆ ಪವಾಯಿಯ ಒಂದು ಐಟಿ ಆಫೀಸಿನ ಹುಡುಗಿ ತನ್ವಿ ಬರುತ್ತಿದ್ದಳು. ಕನ್ನಡ ಅರ್ಥವಾಗುತ್ತಿತ್ತು, ಓದಲು ಬರುತ್ತಿರಲಿಲ್ಲ. ಮಾತುಗಳನ್ನೆಲ್ಲ ಮರಾಠಿ ಅಕ್ಷರದಲ್ಲಿ ಬರೆದುಕೊಂಡಿದ್ದಳು. ನಾನು ಒಮ್ಮೆ ಮೂಗು ಮುರಿದೆ. ಅವಳು, "ಅಂಕಲ್, ಗಿರಿಜಕ್ಕ ಬೋಲೀ, ಕೇಳುವವರಿಗೆ ಅಕ್ಷರ ಕಾಣೋದಿಲ್ಲ ಅಂತ," ಅಂದಳು. ಮುರಿದ ಮೂಗನ್ನು ಸರಿಮಾಡಿಕೊಂಡೆ.

ನಾಟಕದ ಸಂಜೆ ಎಂದಿನಂತೆ ಹೋಟೆಲಿನವರು ಮುಂದೆ, ಕಟ್ಟಡದ ಕೆಲಸದವರು ಹಿಂದೆ. ಗಿರಿಜಕ್ಕ ಹೋಗಿ ಬಾಗಿಲ ಹತ್ತಿರದ ಸಾಲಿನಲ್ಲಿ, ಬಸವರಾಜನ ತಾಯಿಯ ಪಕ್ಕ ಕೂತರು. ಅಲ್ಲಿಗೆ ಹೋಗುವ ಮುಂಚೆ ಅವರು ಸದಾನಂದಣ್ಣನಿಗೆ ಹೇಳಿದ್ದು ಇಷ್ಟೇ: "ಹಿಂದೆ ಕೂತವರು ನಗಲಿ, ಅಡ್ಡಿಯಿಲ್ಲ. ಅವರನ್ನು ನೋಡಿ ಯಾರೂ ನಗಬಾರದು."

ಪರದೆ ಸರಿಯಿತು. ಸದಾನಂದಣ್ಣ ಹೆಗಲ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಬಂದು, "ಯಾಕ್ರಿ ಯಜಮಾನ್ರ, ಮಾರಿ ಸಣ್ಣದು ಮಾಡೀರಿ?" ಅಂದರು. ಮುಂದಿನ ಸಾಲುಗಳು ಹೋ ಎಂದು ನಕ್ಕವು. ನಮ್ಮ ಸದಾನಂದ ಇದೇನು ಮಾತಾಡುತ್ತಿದ್ದಾನೆ ಎಂಬ ನಗು. ಹಿಂದಿನ ಸಾಲುಗಳು ಗಪ್ಪೆಂದು ಸುಮ್ಮನಾದವು. ಚಹಾ ಗಿರಾಕಿಯಾಗಿ ರಂಗದ ಪಕ್ಕದಲ್ಲಿ ಕಾಯುತ್ತಿದ್ದ ನಾನು ಕತ್ತು ಚಾಚಿ ಅವರ ಮುಖವನ್ನೇ ನೋಡಿದೆ. ಸದಾನಂದಣ್ಣನನ್ನು ಬಲ್ಲವರಿಗೆ ಗೊತ್ತು, ಒಂದು ನಗು ಸಿಕ್ಕರೆ ಅದನ್ನು ಹಿಂಡಿ ಹತ್ತು ಮಾಡುವ ನಟ ಅವರು. ಒಂದು ಹುಬ್ಬು ಹಾರಿಸಿದ್ದರೆ ಸಾಕಿತ್ತು, ನಾಟಕ ಅಲ್ಲೇ ಮುಗಿಯುತ್ತಿತ್ತು.

ಅವರು ಹುಬ್ಬು ಹಾರಿಸಲಿಲ್ಲ. ನಗುವಿನ ಕಡೆ ತಿರುಗಿಯೂ ನೋಡಲಿಲ್ಲ. ಅದು ತಾನಾಗಿ ಅಡಗುವವರೆಗೆ ಮೇಜು ಒರೆಸುತ್ತ ನಿಂತು, ಆಮೇಲೆ ಅದೇ ಮಾತನ್ನು ಇನ್ನೂ ಮೆಲ್ಲಗೆ, ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದರು. ಬಸವರಾಜ ಗಲ್ಲೆಯಿಂದ, "ಎಂತ ಇಲ್ಲ ಮಾರಾಯ, ಸುಮ್ಮನೆ," ಎಂದು ಎಳೆದ. ಮುಂದಿನ ಸಾಲಿನ ಹೆಂಗಸೊಬ್ಬರು, "ಅಯ್ಯೋ, ನಮ್ಮ ಭಾವನೇ!" ಎಂದು ಕೂಗಿಬಿಟ್ಟರು. ಈ ಸಲ ಇಡೀ ಸಭಾಗೃಹ ನಕ್ಕಿತು, ಬಾಗಿಲಿನವರೆಗೂ.

ನನ್ನ ಪ್ರವೇಶವೂ ಆಯಿತು. ಚಹಾ ಬಿಸಿಯಿತ್ತು, ನಾಲಿಗೆ ಸುಟ್ಟುಕೊಂಡು ಹೊರಗೆ ಬಂದೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಕೊನೆಯ ದೃಶ್ಯದಲ್ಲಿ ಕೆಲಸಗಾರ ಗಂಟು ಹಿಡಿದು ಹೊರಟು ನಿಲ್ಲುತ್ತಾನೆ. ಮಾಲೀಕ ಬಾಯಿತುಂಬ ಹರಸುತ್ತಾನೆ. ಆಗ ಸದಾನಂದಣ್ಣ ಹೇಳಬೇಕಾದ ಮಾತು: "ಯಜಮಾನ್ರ, ಇಷ್ಟು ವರ್ಷ ನನ್ನ ಹೆಸರು ಹಿಡಿದು ಕರದ್ರಿ. ನಮ್ಮೂರ ಹೆಸರು ಒಮ್ಮೆರ ಕೇಳೀರೇನ್ರಿ?" ತಾಲೀಮಿನಲ್ಲಿ ಅದನ್ನು ನೂರು ಸಲ ಕೇಳಿದ್ದೆ. ಆ ದಿನ ಅವರ ಸ್ವರದಲ್ಲಿ ಬೈಗುಳವಿರಲಿಲ್ಲ, ಅಳುವೂ ಇರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹೋಟೆಲಿನವರೆಲ್ಲ ತಮ್ಮ ತಮ್ಮ ಮೊಣಕಾಲು ನೋಡಿಕೊಂಡರು. ಬಸವರಾಜ ಗಲ್ಲೆಯಿಂದ ಇಳಿದು ಬಂದ. ಪರದೆ ಬಿತ್ತು.

ಹಿಂದಿನ ಕೋಣೆಗೆ ಗುರುತಿಲ್ಲದ ಒಬ್ಬ ಹೆಂಗಸು ಸೀರೆ ಸೆರಗು ಸರಿಮಾಡಿಕೊಳ್ಳುತ್ತ ಬಂದು, ಮುಖಕ್ಕೆ ಎಣ್ಣೆ ಉಜ್ಜುತ್ತಿದ್ದ ಸದಾನಂದಣ್ಣನ ಮುಂದೆ ನಿಂತಳು. "ಅಣ್ಣಾರ, ನಿಮ್ಮೂರ ಯಾವುದ್ರಿ? ಬದಾಮಿ ಕಡೆಯೇನ್ರಿ?"

"ಅಲ್ಲಮ್ಮ, ಉಡುಪಿ ಹತ್ತಿರ."

"ಸುಳ್ಳ ಹೇಳಬ್ಯಾಡ್ರಿ," ಅಂದಳು ಆಕೆ, ಖಚಿತವಾಗಿ. "ನಮ್ಮ ಅಣ್ಣ ಹಿಂಗಽ ಮಾತಾಡ್ತಾನ."

ಸದಾನಂದಣ್ಣನಿಗೆ ಸಂಘ ಎಷ್ಟೋ ಸಲ ಶಾಲು ಹೊದಿಸಿದೆ. ಆದರೆ ಆ ಕ್ಷಣದಲ್ಲಿ, ಅರ್ಧ ಬಣ್ಣ ಅರ್ಧ ಎಣ್ಣೆಯ ಮುಖದಲ್ಲಿ ಅವರು ನಮ್ಮೆಲ್ಲರ ಕಡೆ ತಿರುಗಿ ನೋಡಿದ ನೋಟವನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಸವರಾಜ ಅವರ ಬೆನ್ನಿಗೆ ಗುದ್ದಿದ. ಗಿರಿಜಕ್ಕ ಬಾಗಿಲಲ್ಲೇ ನಿಂತು ಮೂಗು ಒರೆಸಿಕೊಂಡರು. ನಾನಂತೂ, ನನ್ನ ಕಟಿಂಗ್ ಚಹಾದ ಯೋಗ್ಯತೆಯನ್ನು ಮೀರಿ, ಎದೆಯುಬ್ಬಿಸಿ ಲೋಕಲ್ ಹತ್ತಿದೆ.

ಈ ವರ್ಷ ಗಿರಿಜಕ್ಕ ಹೊಸ ನಾಟಕ ಬರೆದಿದ್ದಾರೆ. ಹೋದ ವಾರ ಫೋನ್ ಮಾಡಿ, "ನಿಮಗೆ ದೊಡ್ಡ ಪಾತ್ರ ಉಂಟು. ಬಾಗಲಕೋಟೆಯ ಒಬ್ಬ ಅಜ್ಜ. ಆ ಬ್ಯಾಂಕಿನ ಕನ್ನಡ ಬಿಡ್ಲಿಕ್ಕೆ ಆಗ್ತದಾ?" ಎಂದು ಕೇಳಿದರು. ಹಾಗಾಗಿ ಮೊನ್ನೆ ಭಾನುವಾರ ಮಧ್ಯಾಹ್ನ ಭಾಂಡುಪಿನ ಒಂದು ಚಾಳಿನ ವಠಾರದಲ್ಲಿರುವ ಬಸವರಾಜನ ಮನೆಗೆ ಹೋದೆ. ಅವನ ತಾಯಿಯ ಮುಂದೆ ನನ್ನ ಮೊದಲ ಮಾತನ್ನು ಒಪ್ಪಿಸಿದೆ. ಆಕೆ ಬಾಯಿಗೆ ಸೆರಗು ಹಿಡಿದು ನಕ್ಕು, "ಬಾಯಿ ಇಷ್ಟು ಬಿಗಿ ಹಿಡದ್ರ ಮಾತು ಹ್ಯಾಂಗ ಬರತಾವ ತಮ್ಮಾ?" ಅಂದರು.

ಪಕ್ಕದಲ್ಲಿ ರೊಟ್ಟಿ ಮುರಿಯುತ್ತಿದ್ದ ಸದಾನಂದಣ್ಣ ಕೈ ಒರೆಸಿಕೊಂಡರು.

"ನೀವು ಚಿಂತಿ ಮಾಡಬ್ಯಾಡ್ರಿ ಅವ್ವಾ," ಅಂದರು. "ನಾ ಕಲಿಸ್ತೀನಿ."

ಉಡುಪಿಯವರು ಶಿವಮೊಗ್ಗದವನಿಗೆ ಬಾಗಲಕೋಟೆಯ ಕನ್ನಡ ಕಲಿಸಲು ಚಕ್ಕಳಮಕ್ಕಳ ಹಾಕಿ ಕೂತರು. ನಾನು ಬಾಯಿ ಸಡಿಲ ಬಿಟ್ಟು ಮತ್ತೆ ಮೊದಲಿನಿಂದ ಶುರುಮಾಡಿದೆ.