ಧಾರವಾಡದಲ್ಲಿ ಒಡೆದ ಕಾಯಿ

ಇವತ್ತು ಬೆಳಿಗ್ಗೆ ಅಟ್ಟದಿಂದ ತೆಂಗಿನಕಾಯಿ ಇಳಿಸುವಾಗ ಆ ಹೊಗೆ ಬೆರೆತ ಎಣ್ಣೆಯ ವಾಸನೆ ಬಂತು, ಧಾರವಾಡ ನೆನಪಾಯಿತು. ಅರಸೀಕೆರೆಯ ಅಟ್ಟಕ್ಕೂ ಧಾರವಾಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನನ್ನ ನೆನಪಿನ ಮೇಲೆ ನನಗೇ ಅಷ್ಟು ನಂಬಿಕೆಯಿಲ್ಲ. ದಿನಚರಿ ಬರೆಯುವ ಚಟವೇನೋ ಇದೆ. ಆದರೆ ಧಾರವಾಡಕ್ಕೆ ಹೋದ ದಿನದ ಪುಟದಲ್ಲಿರುವುದು ‘ಮಿರ್ಚಿ ಬಜಿ ವಿಪರೀತ ಖಾರ’ ಎಂಬ ಒಂದೇ ಸಾಲು. ಎಂ.ಎ. ಓದಿದ್ದು ಇದಕ್ಕೇ ಇರಬೇಕು.

ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಕಾಯಿಯನ್ನು ಸುಲಿಯದೆ ವರ್ಷದ ಹತ್ತಿರ ಅಟ್ಟದಲ್ಲಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಕರಟದಿಂದ ಕಳಚಿಕೊಳ್ಳುತ್ತದೆ. ಕಿವಿಗೆ ಹಿಡಿದು ಕುಲುಕಿದರೆ ಗಡಗಡ ಎನ್ನುತ್ತದೆ; ಆಗ ಒಡೆಯಬಹುದು. ಈ ಕುಲುಕುವ ಕೆಲಸವನ್ನು ಅಪ್ಪ ಯಾರಿಗೂ ಬಿಟ್ಟುಕೊಟ್ಟವರಲ್ಲ. “ಸಾವ್ಕಾರ್ರು ಕುಲುಕಿದ್ ಮೇಲೆ ಮಾತೇ ಇಲ್ಲ ಬಿಡಿ” ಎನ್ನುತ್ತಿದ್ದರು ಹಾರನಹಳ್ಳಿ ಕಡೆಯ ಬೆಳೆಗಾರರು.

ಧಾರವಾಡದಲ್ಲಿ ಅಪ್ಪನ ತಂಗಿ, ನನ್ನ ಸೋದರತ್ತೆ, ಇದ್ದರು. ಕೆಲವು ವರ್ಷಗಳ ಹಿಂದೆ ನಾನೂ ಅಪ್ಪನೂ ಎರಡು ದಿನಕ್ಕೆಂದು ಹೋದೆವು. ಊರು ಕಂಡು ದಂಗಾದೆ. ಒಂದು ಮನೆಯಿಂದ ಹಾರ್ಮೋನಿಯಂ, ಪಕ್ಕದ ಮನೆಯಿಂದ ಸಿತಾರ್, ಅದರಾಚೆ ರೊಟ್ಟಿ ಬಡಿಯುವ ಸದ್ದು. ಮೂರೂ ಒಂದೇ ತಾಳದಲ್ಲಿದ್ದವು ಎಂದು ನನ್ನ ನೆನಪು. ಇರಲಾರದು. ಬೀದಿಯಲ್ಲಿ ಇಬ್ಬರು ಗಿರ್ಮಿಟ್ ತಿನ್ನುತ್ತಾ ಯಾರೋ ಗಾಯಕರ ತಾನಿನ ಬಗ್ಗೆ ಜಗಳವಾಡುತ್ತಿದ್ದರು. ನಮ್ಮೂರಲ್ಲಿ ಅಷ್ಟು ಕಾವೇರುವುದು ಕೊಬ್ಬರಿ ಹರಾಜಿನಲ್ಲಿ ಮಾತ್ರ.

ಮಧ್ಯಾಹ್ನ ಊಟಕ್ಕೆ ಮುಂಚೆ, ಅಪ್ಪ ತಾವೇ ಕುಲುಕಿ ಆರಿಸಿ ತಂದಿದ್ದ ಕಾಯಿಯನ್ನು ಮಾವ ಎಲ್ಲರೆದುರು ಒಡೆದರು. ನೀರು ಚೆಲ್ಲಿತು.

“ಏನಣ್ಣಾ, ಕೊಬ್ಬರಿ ಅಂತ ಹೇಳಿ ಎಳನೀರ ತಂದೀಯಲ್ಲೋ!” ಅತ್ತೆ ಬಿದ್ದು ಬಿದ್ದು ನಕ್ಕರು.

ಇನ್ನೊಂದು ಒಡೆದರು. ಅದೂ ಹಾಗೇ. “ಈ ಸಲ ಹವಾ ಸರಿ ಇಲ್ಲ ಕಣಮ್ಮ” ಎಂದ ಅಪ್ಪ ನಗಲಿಲ್ಲ.

ಆಗ ನನಗೆ ಹೊಳೆಯಿತು. ರೈಲಿನಲ್ಲಿ ಕರೆದರೂ ತಿರುಗದಿದ್ದದ್ದು, ಫೋನ್ ಬಂದರೆ ಅಮ್ಮನ ಕೈಗೆ ಕೊಡುತ್ತಿದ್ದದ್ದು. ಅಪ್ಪನಿಗೆ ಕಿವಿ ಮಂದವಾಗಿತ್ತು. ಒಪ್ಪಿಕೊಂಡರೆ ಕುಲುಕುವ ಕೆಲಸ ಕೈತಪ್ಪುತ್ತದೆ. ಒಪ್ಪದಿದ್ದರೆ ಹಸಿ ಕಾಯಿ ಒಡೆದೊಡೆದು, ಇಷ್ಟು ವರ್ಷ ಗಳಿಸಿದ ಹೆಸರು ಹೋಗುತ್ತದೆ.

ಸಂಜೆ ಪಕ್ಕದ ಮನೆಯಲ್ಲಿ ಹಾಡುಗಾರಿಕೆ. “ನಂಗ್ಯಾಕಮ್ಮ ಅವೆಲ್ಲ” ಎಂದು ಅಪ್ಪ ಹಿಂಜರಿದರು. ಅತ್ತೆ ಬಿಡಲಿಲ್ಲ: “ಬಾರೋ, ಕಾಯಿ ಸಲುವಾಗಿ ನಿನ್ನ ಬೈಯೂದು ಮುಗದದ.” ಹಲಗೆ ಜೋಡಿಸಿದ ಸಣ್ಣ ವೇದಿಕೆಯ ಮೇಲೆ ನಡುವಯಸ್ಸಿನ ಗಾಯಕಿ, ಹಿಂದೆ ಎರಡು ತಂಬೂರಿ. ಜಾಗವಿಲ್ಲದೆ ನಾವು ಹಲಗೆಗೆ ಒತ್ತಿಕೊಂಡೇ ಕೂತೆವು. ಅಪ್ಪ ಗೋಡೆ ಗಡಿಯಾರ ನೋಡುತ್ತಿದ್ದರು. ಇನ್ನೊಮ್ಮೆ ನೋಡಿದಾಗ ಅವರ ಅಂಗೈ ಹಲಗೆಯ ಮೇಲಿತ್ತು, ಕಣ್ಣು ಮುಚ್ಚಿತ್ತು. ನಾನೂ ಕೈಯಿಟ್ಟೆ. ತಂಬೂರಿಯ ನಾದ ಮರದೊಳಗೆ ಜುಮ್ಮೆಂದು ಹರಿಯುತ್ತಿತ್ತು. ಆಕೆ ಬಹಳ ಹೊತ್ತು ಕೆಳಗಿನ ಸ್ವರಗಳಲ್ಲೇ ಸುಳಿದಾಡಿ, ಮೆಲ್ಲಗೆ ಏರಿ, ಮೇಲಿನ ಷಡ್ಜದ ಮೇಲೆ ನಿಂತುಬಿಟ್ಟರು. ದನಿ ಅವರದಲ್ಲ, ಮನೆಯದೇ ಎನಿಸಿತು.

“ಕಳಚ್ತು ಕಣೇ!” ಎಂದರು ಅಪ್ಪ, ಕಾಯಿ ಕುಲುಕಿ ಹೇಳುವ ಹಾಗೆಯೇ, ಕೋಣೆಗೆಲ್ಲ ಕೇಳುವಷ್ಟು ಜೋರಾಗಿ.

ನನಗೆ ನಾಚಿಕೆಯಾಯಿತು. ಗಾಯಕಿ ಮಾತ್ರ ಸ್ವರ ಬಿಡದೆಯೇ ಅಪ್ಪನ ಕಡೆ ತಲೆಬಾಗಿದರು. ಅದಕ್ಕಿಂತ ಒಳ್ಳೆಯ ಶಹಬ್ಬಾಸ್ ಅಲ್ಲಿ ಯಾರೂ ಹೇಳಲಿಲ್ಲ ಎಂದು ಈಗ ಅನ್ನಿಸುತ್ತದೆ.

ವಾಪಸು ಬರುವಾಗ ರೈಲಿನಲ್ಲಿ ಅಪ್ಪ ಕಿಟಕಿಯಾಚೆ ನೋಡುತ್ತಾ ಹೇಳಿದರು: “ಇನ್ಮೇಲೆ ನೀನೇ ಕುಲುಕು. ಏನ್ ಕೇಳ್ಸುತ್ತೋ ನಂಗೆ ಹೇಳು.”

ಇವತ್ತು ಅಟ್ಟದ ಕೆಳಗೆ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತಿದ್ದ ಅವರನ್ನು ಕೇಳಿದೆ: “ಅವತ್ತು ಹಲಗೆ ಮೇಲೆ ಕೈ ಇಡ್ಬೇಕು ಅಂತ ಹೆಂಗೆ ಹೊಳೀತಪ್ಪ ನಿಮ್ಗೆ?”

“ನಾನೆಲ್ಲಿಟ್ಟೆ? ನೀನೇ ಅಲ್ವೇನೆ, ನನ್ ಕೈ ಹಿಡ್ಕೊಂಡು ಇಟ್ಟಿದ್ದು!”

ನಾನಲ್ಲ ಎಂದು ಆಣೆಯಿಡಬಲ್ಲೆ. ಇಡಲಿಲ್ಲ. ಕೈಲಿದ್ದ ಕಾಯಿಯನ್ನು ಕುಲುಕಿದೆ, ಸದ್ದಿನ ಮೇಲೆ ಅನುಮಾನ ಬಂತು. ಅಪ್ಪನ ಅಂಗೈ ಹಿಡಿದು ಕಾಯಿಯ ಮೇಲಿಟ್ಟು ಮತ್ತೆ ಕುಲುಕಿದೆ. ಈ ಸಲವಂತೂ ಇಟ್ಟವಳು ನಾನೇ.

ಅಪ್ಪ ಕಣ್ಣು ಮುಚ್ಚಿದರು. “ಇನ್ನೊಂದ್ ತಿಂಗ್ಳು ಬಿಡು” ಎಂದರು.

ಕಾಯಿಯನ್ನು ಮತ್ತೆ ಅಟ್ಟಕ್ಕೇರಿಸಿದೆ.