ಕಣ್ಣಿಲ್ಲದ ಚಿತ್ರದ ಸವಾಲು

ಕೊಪ್ಪಳದ ಪೇಟೆಯಲ್ಲಿ, ನಮ್ಮ ಸಾಹುಕಾರರ ಅಡತಿ ಅಂಗಡಿಯ ಕಟ್ಟೆಯ ಮೇಲೆ, ತಕ್ಕಡಿ ತೂಗುಬಿಡುವ ಕಂಬಕ್ಕೆ ಎಡಗೈ ಆನಿಸಿಕೊಂಡು ನಾನು ನಿಂತಿದ್ದೆ. ದೊಡ್ಡ ಯುದ್ಧ ಶುರುವಾದ ಮರುವರ್ಷದ ಬೇಸಿಗೆ. ಬೆಳಗಿನ ಬಿಸಿಲು ಇನ್ನೂ ಕಟ್ಟೆ ಹತ್ತಿರಲಿಲ್ಲ. ಸವಾಲಿಗೆ ಬಂದ ಚಿತ್ರವನ್ನು ಗೋಡೆಗೆ ಒರಗಿಸಿ ಧೋತರ ಹೊದಿಸಿದ್ದರು. ನನಗೂ ಅದಕ್ಕೂ ನಡುವೆ ಯಾರೂ ಇರಲಿಲ್ಲ.

ನಾನು ಅಲ್ಲಿ ಶೇಂಗಾ, ಹತ್ತಿಗೆ ಸವಾಲು, ಅಂದರೆ ಹರಾಜು, ಕೂಗುವವನು. ಚಿತ್ರಕ್ಕೆ ಕೂಗಿದ್ದು ಅದೇ ಮೊದಲು. ಬರೆದವನು ಕಿನ್ನಾಳದ ಚಿತ್ರಗಾರರ ಮನೆಯವನು. ತಂದೆತಾಯಿ ಇಲ್ಲದವನನ್ನು ಅವನ ಕಾಕಾ ಸಾಕಿದ್ದ. ಮುಂಬಯಿಗೆ ಹೋಗಿ ಎಣ್ಣೆಬಣ್ಣ ಕಲಿತು ಬಂದಮೇಲೆ ಅವನು ದೇವರ ಮೂರ್ತಿಗೆ ಬಣ್ಣ ಹಾಕುವುದನ್ನು ಬಿಟ್ಟು ಹೊಸ ನಮೂನೆಯ ಚಿತ್ರ ಬರೆಯತೊಡಗಿದ್ದ. ಊರಲ್ಲಿ ಯಾರೂ ಕೊಳ್ಳಲಿಲ್ಲ. ರಸ್ತೆ ಕೆಲಸ ನೋಡಲು ಬಂದ ಹೈದರಾಬಾದಿನ ಇಂಜಿನಿಯರ ಸಾಹೇಬರು ಒಂದನ್ನು ಕಂಡು, ಇದು ನನಗೆ ಸಿಕ್ಕರೆ ಅಲ್ಲಿಯ ಪ್ರದರ್ಶನದಲ್ಲಿ ಇಡಿಸುತ್ತೇನೆ, ನೀನೂ ಜೊತೆಗೆ ಬಾ ಎಂದಿದ್ದರು. ಬೆಲೆ ಕೇಳಿದರೆ ಅವನಿಗೆ ಬಾಯಿ ಬರಲಿಲ್ಲ. ನಮ್ಮ ಸಾಹುಕಾರರು ನಡುವೆ ಬಂದರು. ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ, ಸವಾಲು.

ಆ ಚಿತ್ರವನ್ನು ಹಿಂದಿನ ಸಂಜೆ ನಾನೇ ಗಾಡಿಯಿಂದ ಇಳಿಸಿಕೊಂಡಿದ್ದೆ. ಚಿತ್ರಗಾರನ ಸಂಗಡ ಕಾಕಾನೂ ಬಂದಿದ್ದ; ರಾತ್ರಿ ಚಿತ್ರ ಅಂಗಡಿಯಲ್ಲೇ ಇತ್ತು. ನವಲಿ ಕಡೆಯ ಭತ್ತದ ಗದ್ದೆ, ಮಟಮಟ ಮಧ್ಯಾಹ್ನ. ಬಗಲಲ್ಲಿ ಸಸಿಯ ಕಟ್ಟು ಹಿಡಿದು ನಿಂತ ಒಬ್ಬ ಹೆಣ್ಣುಮಗಳು. ಮುಖಕ್ಕೆ ಕಣ್ಣಿರಲಿಲ್ಲ. ಕೇಳಿದ್ದಕ್ಕೆ ಚಿತ್ರಗಾರ, "ಆ ಬಿಸಲಾಗ ದಾರಿ ಮ್ಯಾಲಿಂದ ನೋಡ್ರಿ, ಮಾರಿ ಕಾಣತೈತಿ, ಕಣ್ಣು ಕಾಣಂಗಿಲ್ಲ. ನಾ ಕಂಡಿದ್ದಷ್ಟ ಬರದೀನ್ರಿ" ಅಂದ.

ಬೆಳಿಗ್ಗೆ ಮೊದಲು ಅವನು ಜೊತೆಗೆ ತಂದಿದ್ದ ಸಣ್ಣ ಚಿತ್ರಗಳನ್ನು ಎತ್ತಿ ತೋರಿಸಿದೆ. ಯಲಬುರ್ಗಾದ ಹತ್ತಿ ವ್ಯಾಪಾರಿಯೊಬ್ಬರು ನಕ್ಕರು: "ಶೇಂಗಾ ಚೀಲ ಆದ್ರ ಕೈ ಹಾಕಿ ನೋಡ್ತಿದ್ದೆ. ಇದಕ್ಕೆಲ್ಲಿ ಕೈ ಹಾಕ್ಲೋ ಮಾರಾಯಾ?"

"ಹಾಕಬ್ಯಾಡ್ರಿ ಯಜಮಾನ್ರ, ಬಣ್ಣ ಹತ್ತಿದ ಕೈ ಕಂಡ್ರ ಮನ್ಯಾಗ ಕೇಳ್ತಾರ," ಎಂದ ನಮ್ಮ ಹಮಾಲ. ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ಚಿತ್ರಗಾರ ಮಾತ್ರ ಧೋತರದ ಕಡೆಗೇ ನೋಡುತ್ತಿದ್ದ.

ನಾನು ಧೋತರ ಎಳೆದೆ.

ಚಿತ್ರಕ್ಕೆ ಕಣ್ಣು ಬಂದಿದ್ದವು. ಕಿವಿಯವರೆಗೆ ಚಾಚಿದ, ಕೆಂಪು ಅಂಚಿನ, ಅಗಲವಾದ ಕಣ್ಣು. ಗುಡಿಯೊಳಗಿನ ಅಮ್ಮನ ಕಣ್ಣು. ನಮ್ಮ ಕಡೆ ಕಣ್ಣು ತೆರೆದ ಮೇಲೆ ಅದು ಬರೀ ಬಣ್ಣವಲ್ಲ, ದೇವರು. ಮಜ್ಜಿಗೆ ಮಾರುವವಳು ಗಡಿಗೆ ಇಳಿಸಿ ಕೈ ಮುಗಿದಳು. ಹಿಂದಿನವರು ಚಪ್ಪಲಿ ಬಿಡುವ ಸಪ್ಪಳ ಕೇಳಿತು. ಹತ್ತಿ ವ್ಯಾಪಾರಿ ಕಟ್ಟೆಯಿಂದ ಕೆಳಗಿಳಿದು ನಿಂತರು. "ಕಣ್ಣು ತೆರದದ್ದಕ್ಕ ಸವಾಲು ಕೂಗ್ತಾರೇನು? ನಾವು ಉಳೀಬೇಕೋ ಬ್ಯಾಡೋ?"

ಸಾಹೇಬರು ಹತ್ತಿರ ಬಂದು ನೋಡಿದರು. "ನಾನು ನೋಡಿದ ತಸ್ವೀರು ಇದಲ್ಲ," ಎಂದು ಟೊಪ್ಪಿಗೆ ಕೈಗೆ ತೆಗೆದುಕೊಂಡರು.

ಕಾಕಾ ಮುಂದೆ ಬಂದ. ಒದ್ದೆ ಜುಟ್ಟು, ಹಣೆಯ ಮೇಲೆ ಕುಂಕುಮ. ನಸುಕಿನಲ್ಲಿ ಜಳಕ ಮಾಡಿ ಬಂದು ಚಿತ್ರದ ಮುಂದೆ ಕೂತಿದ್ದನೆಂದು ಹಮಾಲ ಆಮೇಲೆ ಹೇಳಿದ. ಅದನ್ನು ನಾನು ನೋಡಿಲ್ಲ.

"ಕಾಕಾ, ಇದೇನು ಮಾಡಿದಿ?" ಎಂದ ಚಿತ್ರಗಾರ.

"ಕಣ್ಣಿಲ್ಲದ್ದು ನಮ್ಮ ಮನಿ ಬಿಟ್ಟು ಹೊರಗ ಹೋಗಬಾರದು, ತಮ್ಮಾ. ಮನಿಗೆ ಛಲೋ ಅಲ್ಲ. ಕಡೀಕ ಕಣ್ಣಿಡೂದು ನಮ್ಮ ಪದ್ಧತಿ. ನೀ ಮರತಿ ಅಂತ ತಿಳಕೊಂಡೆ."

"ಆಕಿ ದೇವರಲ್ಲೋ! ಸಸಿ ಹಚ್ಚಾಕಿ!"

"ನನ್ನ ಕೈಗೆ ಬರೋ ಕಣ್ಣು ಇವ," ಎಂದ ಕಾಕಾ.

ಚಿತ್ರಗಾರ ಕಂಬದ ಬುಡದಲ್ಲಿದ್ದ ನೀರಿನ ತಂಬಿಗೆ ಎತ್ತಿ, ಹೆಗಲ ಮೇಲಿನ ವಸ್ತ್ರ ತೋಯಿಸಿದ. ಕಾಕಾ ಹಚ್ಚಿದ್ದು ಅಂಟಿನ ಬಣ್ಣ. ನೀರು ತಾಕಿದರೆ ಬಿಡುವಂಥದು. ಅವನು ಚಿತ್ರದ ಕಡೆ ಹೆಜ್ಜೆ ಇಟ್ಟ ಕೂಡಲೆ ಜನ ಕಟ್ಟೆ ಹತ್ತಿದರು. "ಅಮ್ಮನ ಕಣ್ಣು ಕೀಳ್ತೀಯೇನಲೇ?" ಒಬ್ಬ ಅವನ ರಟ್ಟೆ ಹಿಡಿದ. ಇನ್ನೊಬ್ಬನ ಕೈಯಲ್ಲಿ ಹತ್ತಿ ಮೂಟೆಗೆ ಸಿಕ್ಕಿಸುವ ಕಬ್ಬಿಣದ ಕೊಕ್ಕೆ ಇತ್ತು. ಅದನ್ನು ಎತ್ತಿದ್ದನ್ನು ನೋಡಿದೆ. ಯಾರೆಂದು ನನಗೆ ಗೊತ್ತು, ಆತ ಈಗಿಲ್ಲ. ನಮ್ಮ ಸಾಹುಕಾರರು "ಬಿಡ್ರಿ, ಬಿಡ್ರಿ" ಎನ್ನುತ್ತಿದ್ದರು, ಗದ್ದಲದಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ನಾನು ಮತ್ತೆ ಕಂಬ ಹಿಡಿದಿದ್ದವನು ಬಿಡಲಿಲ್ಲ.

ಕಾಕಾ ನಡುವೆ ಹೊಕ್ಕು ಸಾಕುಮಗನ ಕೈಯಿಂದ ವಸ್ತ್ರ ಕಸಿದುಕೊಂಡ. ಜನರ ಕಡೆ ತಿರುಗಿ, "ತೆರದಾಂವ ನಾನು. ಮುಚ್ಚಾಂವನೂ ನಾನ. ಏನರ ಬಂದ್ರ ನನ್ನ ತಲಿಗೆ ಬರ್ಲಿ. ಅವನ ಕೈ ಬಿಡ್ರಿ," ಅಂದ.

ರಟ್ಟೆ ಹಿಡಿದವನು ಕೈ ಬಿಟ್ಟ. ಕಾಕಾ ಮೊಣಕಾಲೂರಿ ಕೂತು, ಮೊದಲು ಚಿತ್ರಕ್ಕೆ ನಮಸ್ಕಾರ ಮಾಡಿ, ಬಲಗಣ್ಣು ಒರೆಸಿದ. ವಸ್ತ್ರ ಮಡಚಿ ಎಡಗಣ್ಣು ಒರೆಸಿದ. ಒಳಗಿನ ಎಣ್ಣೆಬಣ್ಣಕ್ಕೆ ಒಂದು ಗೀರೂ ಬೀಳಲಿಲ್ಲ. ಕೊಕ್ಕೆ ಕೆಳಗಿಳಿಯಿತು. ಮಜ್ಜಿಗೆಯವಳು ಅಳುತ್ತಿದ್ದಳು.

ಸಾಹೇಬರು ಬಹಳ ಹೊತ್ತು ನೋಡಿ, ಟೊಪ್ಪಿಗೆ ಮತ್ತೆ ತಲೆಗಿಟ್ಟು ಒಂದು ಬೆಲೆ ಹೇಳಿದರು. ನಾನು ಕೂಗಿದೆ. ಏರಿಸುವವರು ಯಾರೂ ಇರಲಿಲ್ಲ. ಒಂದು ಸರ್ತಿ ಅಂದೆ, ಎರಡು ಸರ್ತಿ ಅಂದೆ. ಮೂರನೆಯದಕ್ಕೆ ನಾನು ಕಾಕಾನ ಕಡೆ ತಿರುಗಿದೆ. ಸಾಹುಕಾರರೇ ಹೇಳಿ ಮುಗಿಸಿದರು.

ಆ ವಾರವೇ ಚಿತ್ರಗಾರ ಹೈದರಾಬಾದಿಗೆ ಹೋದ. ಕಾಕಾ ಕಿನ್ನಾಳಕ್ಕೆ ನಡೆದೇ ಹೋದ. ಅಂದಿನಿಂದ, ಅಮ್ಮನ ಕಣ್ಣು ಒರೆಸಿದ ಕೈ ಎಂದು, ಮೂರ್ತಿಗೆ ಕಣ್ಣು ತೆರೆಯಲು ಅವನನ್ನು ಯಾರೂ ಕರೆಯಲಿಲ್ಲ. ಸಾಯುವತನಕ ಮಕ್ಕಳ ಬೊಂಬೆಗೆ ಬಣ್ಣ ಹಚ್ಚಿಕೊಂಡಿದ್ದ. ಸಾಕುಮಗ ಬಂದು ಕರೆದರೂ ಊರು ಬಿಡಲಿಲ್ಲವೆಂದು ಕೇಳಿದ್ದೇನೆ.

ನನ್ನ ಮಾತು ನಂಬದವರು ಕೇಳಿ ನೋಡಲಿ: ಇದನ್ನು ನೋಡಿದವರಲ್ಲಿ ನಮ್ಮ ಹಮಾಲ ಇನ್ನೂ ಇದ್ದಾನೆ, ಕುಷ್ಟಗಿಯಲ್ಲಿ ಮಗಳ ಮನೆಯಲ್ಲಿ. ಮಜ್ಜಿಗೆಯವಳು ಗಂಗಾವತಿಯಲ್ಲಿದ್ದಾಳೆ. ಯಲಬುರ್ಗಾದ ವ್ಯಾಪಾರಿ ಹಾಸಿಗೆ ಹಿಡಿದಿದ್ದಾರೆ, ಮಾತು ಮಾತ್ರ ಸ್ಪಷ್ಟ. ಚಿತ್ರಗಾರನೂ ಬದುಕಿದ್ದಾನೆ. ಆದರೆ ಅವನನ್ನು ಸಾಕ್ಷಿಗೆ ಹಿಡಿಯಲಾರೆ. ಕಾಕಾ ಕಣ್ಣು ಒರೆಸುವಾಗ ಅವನು ಚಿತ್ರಕ್ಕೆ ಬೆನ್ನುಹಾಕಿ ಆಚೆ ಗೋಡೆಗೆ ಮುಖಮಾಡಿ ನಿಂತಿದ್ದ.