ಅಕ್ಕ ನಪಾಸಾದ ವರ್ಷ

ಮಾರ್ಕೆಟ್ ಯಾರ್ಡಿನ ಗೇಟಿನ ಮುಂದೆ ರಿಕ್ಷಾ ನಿಧಾನವಾದಾಗಲೆಲ್ಲ ಗೋಣಿಚೀಲದ ಧೂಳು, ಉಳ್ಳಾಗಡ್ಡಿಯ ಒಣಸಿಪ್ಪೆ, ಬೆವರು ಮೂರೂ ಕೂಡಿದ ವಾಸನೆಯೊಂದು ಒಳಗೆ ನುಗ್ಗುತ್ತದೆ. ಬೇರೆಯವರು ಮೂಗಿಗೆ ಸೆರಗು ಹಿಡಿಯುತ್ತಾರೆ, ನಾನು ಉಸಿರೆಳೆದುಕೊಳ್ಳುತ್ತೇನೆ. ಅದು ಅಪ್ಪನ ಅಂಗಿಯ ವಾಸನೆ. ಅಲ್ಲಿನ ಉಳ್ಳಾಗಡ್ಡಿ ಅಂಗಡಿಯೊಂದರಲ್ಲಿ ತೂಕ ಮಾಡುತ್ತಿದ್ದ ಅಪ್ಪ ನಸುಕಿನಲ್ಲಿ ಹೋದರೆ ಮಧ್ಯಾಹ್ನ ಮೂರಕ್ಕೆಲ್ಲ ಮನೆಗೆ ಬಂದಿರುತ್ತಿದ್ದ. ವಿಜಯಪುರದ ಕಡೆಯಿಂದ ಪುಣೆಗೆ ಬಂದ ನಮಗೆ ಅಲ್ಲೇ ಸಮೀಪದ ಚಾಳಿನಲ್ಲಿ ಎರಡು ಕೋಣೆಯ ಮನೆಯಿತ್ತು. ಅಪ್ಪ, ಅವ್ವ, ನನಗಿಂತ ಒಂದು ವರ್ಷಕ್ಕೆ ದೊಡ್ಡವಳಾದ ಶಾರದಕ್ಕ ಮತ್ತು ನಾನು. ಆ ಚಾಳು ಈಗಿಲ್ಲ. ಅಲ್ಲಿ ಎತ್ತರದ ಕಟ್ಟಡವೊಂದು ಎದ್ದಿದೆ. ನಮ್ಮ ಹೊಸ್ತಿಲು ಎಲ್ಲಿತ್ತೆಂದು ಗುರುತಿಸಲೂ ಆಗುವುದಿಲ್ಲ.

ಅಕ್ಕ ಆರನೆಯ ತರಗತಿಯಲ್ಲಿ ನಪಾಸಾದಳು. ಗಣಿತ ಅವಳಿಗೆ ಹತ್ತುತ್ತಲೇ ಇರಲಿಲ್ಲ. ನಮ್ಮದು ಮರಾಠಿ ಶಾಲೆ. ಅಲ್ಲಿ ಟೀಚರನ್ನು 'ಬಾಯಿ' ಎನ್ನುತ್ತಿದ್ದೆವು. ಆ ಬಾಯಿಯವರು ಅಪ್ಪನನ್ನು ಕರೆಸಿ, ಇನ್ನೊಂದು ವರ್ಷ ಅಲ್ಲೇ ಕೂತರೆ ಹುಡುಗಿಯ ಪಾಯ ಗಟ್ಟಿಯಾಗುತ್ತದೆ ಎಂದರು. ಜೂನಿನಲ್ಲಿ ನಾನು ಐದು ಮುಗಿಸಿ ಆರಕ್ಕೆ ಕಾಲಿಟ್ಟಾಗ, ಅಕ್ಕ ಅದೇ ಕೋಣೆಯ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಊಟದ ಗಂಟೆ ಹೊಡೆದ ಮೇಲೆ, ಏಳನೆಯ ತರಗತಿಗೆ ಹೋದ ಹಳೆಯ ಗೆಳತಿಯರು ಮೆಟ್ಟಿಲಿಳಿದು ಹೋಗುವವರೆಗೂ ಅವಳು ಡಬ್ಬಿ ತೆರೆಯುತ್ತಿರಲಿಲ್ಲ. ನನಗೆ ಅದು ಕಾಣುತ್ತಿತ್ತು. ಮರುಕ ಹುಟ್ಟಿತೆಂದು ಬರೆದರೆ ಸುಳ್ಳಾದೀತು. ಮನೆಯಲ್ಲಿ ನಡೆಯುತ್ತಿದ್ದುದೇ ಬೇರೆ.

ಆ ವರ್ಷ ಅಪ್ಪ ದಿನಾಲೂ ಕೈಕಾಲು ತೊಳೆದವನೇ ಒಳಕೋಣೆಯಲ್ಲಿ ಚಾಪೆ ಹಾಸಿ ಅಕ್ಕನನ್ನು ಎದುರು ಕೂರಿಸಿಕೊಳ್ಳುತ್ತಿದ್ದ. ಭಿನ್ನರಾಶಿ ಕಲಿಸಲು ಜೋಳದ ರೊಟ್ಟಿಯನ್ನು ನಾಲ್ಕು ಮಾಡಿ, ಎಂಟು ಮಾಡಿ, ತಪ್ಪಿದಾಗ ಆ ತುಂಡನ್ನೇ ಅವಳ ಬಾಯಿಗಿಟ್ಟು ನಗಿಸುತ್ತಿದ್ದ. ಮನೆಯಲ್ಲಿ ಮಾತೇ ಆಡದ ಮನುಷ್ಯ ಅಷ್ಟು ಮಾತನಾಡಬಲ್ಲನೆಂದು ನನಗೆ ಗೊತ್ತಿರಲಿಲ್ಲ. ನಾನೂ ಪಾಟಿ ಹಿಡಿದು ಬಾಗಿಲಲ್ಲಿ ನಿಂತರೆ, "ನಿನಗೆಲ್ಲಾ ಬರ್ತದಲ್ಲವಾ. ನೀ ಹೋಗು, ಆಡು," ಎನ್ನುತ್ತಿದ್ದ. ಅದು ಹೊಗಳಿಕೆಯೆಂದೇ ಅಪ್ಪ ತಿಳಿದಿದ್ದ. ನಾನು ಮಾತ್ರ ಆಡಲು ಹೋಗದೆ ಬಾಗಿಲಾಚೆ ಕೂತು ಅವರಿಬ್ಬರ ನಗು ಕೇಳುತ್ತಿದ್ದೆ. ಒಮ್ಮೆ ಅಕ್ಕ ನೀಟಾಗಿ ಬರೆದಿಟ್ಟ ಲೆಕ್ಕಗಳ ಹಾಳೆಯನ್ನು ಹರಿದು ಒಲೆಗೆ ಹಾಕಿದೆ. ಅವಳಿಗೆ ಗೊತ್ತಾಯಿತು. ಯಾರಿಗೂ ಹೇಳದೆ, ಮತ್ತೆ ಕೂತು ಬರೆದಳು.

ಆರು ತಿಂಗಳ ಪರೀಕ್ಷೆ ಬಂತು. ಗಣಿತದ ಪ್ರಶ್ನೆಗಳೆಲ್ಲ ನನಗೆ ಬರುವಂಥವೇ. ನಾನು ಹೆಸರು, ನಂಬರು ಬರೆದು ಮಿಕ್ಕಿದ್ದನ್ನೆಲ್ಲ ಖಾಲಿ ಬಿಟ್ಟು ಕೊಟ್ಟೆ. ನಪಾಸಾದರೆ ಚಾಪೆಯ ಮೇಲೆ ನನಗೂ ಒಂದು ಜಾಗ ಸಿಕ್ಕೀತೆಂಬ ಲೆಕ್ಕ ನನ್ನದು. ಬಾಯಿಯವರು ಅಪ್ಪನ ಮುಂದೆ ಆ ಕಾಗದ ಹಿಡಿದರು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ, ನನ್ನನ್ನೂ ನೋಡಿದ. ಅವನ ಕಣ್ಣು ತುಂಬಿತು. ಮನೆಗೆ ಬಂದವನೇ ಅವ್ವನನ್ನು ಕರೆದು, "ನೋಡಿಲ್ಲಿ, ಅಕ್ಕ ಒಬ್ಬಾಕೀನ ನಪಾಸಾದಳಂತ ಇಕೀನೂ ಖಾಲಿ ಕಾಗದ ಕೊಟ್ಟು ಬಂದಾಳ. ಎಂಥಾ ಜೀವ ಅದ ನೋಡು!" ಎಂದು ನನ್ನ ತಲೆ ಸವರಿದ. ಅವ್ವ ದೃಷ್ಟಿ ತೆಗೆದಳು. ಪಕ್ಕದ ಮನೆಯವರಿಗೂ ಸುದ್ದಿಯಾಯಿತು. ಅಕ್ಕ ಬಾಗಿಲಿಗೊರಗಿ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ನಳದ ಹತ್ತಿರ ಕೊಡ ತುಂಬುವಾಗ ಮೆಲ್ಲಗೆ, "ನನಗ ಗೊತ್ತದ, ನೀ ಯಾಕ ಮಾಡಿದಿ ಅಂತ," ಎಂದಳು. "ಅಪ್ಪಗ ಹೇಳಂಗಿಲ್ಲ ತಗೋ."

ಬಾಯಿಯವರು ನನಗೆ ಮತ್ತೊಮ್ಮೆ ಪರೀಕ್ಷೆ ಕೊಟ್ಟರು. ಅಪ್ಪನ ಹೊಗಳಿಕೆ ಹೊತ್ತುಕೊಂಡು ಇನ್ನೊಮ್ಮೆ ಕಾಗದ ಖಾಲಿ ಬಿಡುವ ಧೈರ್ಯ ನನಗಾಗಲಿಲ್ಲ. ನೂರಕ್ಕೆ ತೊಂಬತ್ತಾರು ಬಂತು. ವರ್ಷದ ಕೊನೆಗೆ ಅಕ್ಕನೂ ಪಾಸಾದಳು. ಅವಳನ್ನು ನಪಾಸು ಮಾಡಿದ್ದೇ ಒಳ್ಳೆಯದಾಯಿತು ಎಂದು ಬಾಯಿಯವರು ಎಲ್ಲರ ಮುಂದೆ ಹೇಳಿದರು. ಆದರೆ ಆ ಕೊನೆಯ ಬೆಂಚಿನಿಂದ ಅಕ್ಕ ಮತ್ತೆ ಮುಂದಕ್ಕೆ ಬರಲೇ ಇಲ್ಲ. ಹತ್ತನೆಯ ತರಗತಿ ಮುಗಿಸಿ, ತಾನೇ ಬೇಡವೆಂದು ಓದು ಬಿಟ್ಟಳು.

ನಾನು ಶಿಕ್ಷಕಿಯಾದೆ. ನಪಾಸಾದ ಮಕ್ಕಳನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವುದು ನಡುವೆ ಕೆಲವು ವರ್ಷ ನಿಂತಿತ್ತು, ಆ ಮಾತು ಈಗ ಮತ್ತೆ ಬಂದಿದೆ. ಹೋದ ತಿಂಗಳು ನಮ್ಮ ಸ್ಟಾಫ್ ರೂಮಿನಲ್ಲಿ, ನಪಾಸಿನ ಹೆದರಿಕೆಯಿಲ್ಲದೆ ಯಾರೂ ಕಲಿಯುವುದಿಲ್ಲ ಎಂದು ಒಬ್ಬರು ವಾದಿಸಿದರು. ನಾನು, "ಉಳಿಸಿಕೊಂಡ ಮೇಲೆ ಆ ಮಗುವಿನ ಎದುರು ಕೂಡೋರು ಯಾರ್ರಿ?" ಎಂದೆ.

ಆ ವಾರದ ಭಾನುವಾರ ಪುಣೆಯ ಹತ್ತಿರದ ಭೋರ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಪ್ಪ ತೀರಿ ಎಂಟು ವರ್ಷವಾಗಿದೆ. "ಆ ಲೆಕ್ಕ ಏನರೆ ನೆನಪದಾವೇನು?" ಎಂದು ಕೇಳಿದೆ. ಅಕ್ಕ ನಕ್ಕಳು. "ಒಂದೂ ಇಲ್ಲ ಬಿಡವಾ. ಅಪ್ಪನ ದನಿ ಮಾತ್ರ ಭಾಳ ನೆನಪದ. 'ಶಾರೀ, ಅವಸರಿಲ್ಲ, ತಡದು ಹೇಳು,' ಅಂತಿದ್ದ. ಈಗೂ ಕಿವ್ಯಾಗ ಹೇಳಿದಂಗ ಆಗ್ತದ."

ಬಸ್ಸಿನಲ್ಲಿ ಮರಳುವಾಗ ನಾನೂ ಕಣ್ಣು ಮುಚ್ಚಿ ಆ ದನಿಗಾಗಿ ಹುಡುಕಿದೆ. ಸಿಕ್ಕಿತು. ಆದರೆ ಅದು ಒಳಕೋಣೆಯಿಂದ ಬರುತ್ತದೆ, ಅರ್ಧ ಮುಚ್ಚಿದ ಬಾಗಿಲಿನಾಚೆಯಿಂದ, ಇನ್ನೊಬ್ಬರಿಗೆ ಹೇಳುತ್ತಿರುವ ಮಾತಾಗಿ.